ಸ್ಕ್ರೂ ಮುಟ್ಟುವ ಮೊದಲು

ಇವತ್ತಿನ ನನ್ನ ಮಾತು ಒಂದು ಪುಟ್ಟ ಎಂಜಿನ್ ಬಗ್ಗೆ. ರಿಮೋಟ್‌ನಲ್ಲಿ ಓಡಿಸುವ ನೈಟ್ರೋ ಟ್ರಕ್ ನಿಮ್ಮಲ್ಲಿ ಕೆಲವರ ಮನೆಯಲ್ಲಾದರೂ ಇರುತ್ತದೆ. ಬಹುಶಃ ಬಾಲ್ಕನಿಯ ಮೂಲೆಯಲ್ಲಿ ಧೂಳು ತಿನ್ನುತ್ತಾ ಕೂತಿರುತ್ತದೆ. ಒಂದು ದಿನ ಸ್ಟಾರ್ಟ್ ಆಗಲಿಲ್ಲ, ನೀವು ಸ್ಕ್ರೂಡ್ರೈವರ್ ಹಿಡಿದಿರಿ, ಆಮೇಲೆ ಅದು ಯಾವತ್ತೂ ಸ್ಟಾರ್ಟ್ ಆಗಲಿಲ್ಲ. ಸರಿ ತಾನೇ? ನನ್ನ ಕಥೆಯೂ ಅದೇ.

ನಾನು ಮಸ್ಕತ್‌ನಲ್ಲಿ ಬೆಳೆದವನು. ಅಪ್ಪ ಪುತ್ತೂರಿನವರು, ವಾದಿ ಕಬೀರ್‌ನ ಒಂದು ಗ್ಯಾರೇಜಿನಲ್ಲಿ ಡೀಸೆಲ್ ಮೆಕ್ಯಾನಿಕ್. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ, ಕೆಲಸ ಮುಗಿಸಿ ಊರಿಗೆ ಹೊರಟಿದ್ದ ಕುಟುಂಬವೊಂದು ತಮ್ಮ ಮಗನ ನೈಟ್ರೋ ಟ್ರಕ್ ಮಾರಿತು. ಅಪ್ಪನ ಆ ತಿಂಗಳ ಓವರ್‌ಟೈಮ್ ದುಡ್ಡು ಅಷ್ಟೂ ಅದಕ್ಕೆ ಹೋಯಿತು. ಎರಡು ತಿಂಗಳು ಚೆನ್ನಾಗಿ ಓಡಿತು. ಮೇ ತಿಂಗಳಲ್ಲಿ ಕೆಟ್ಟ ಬುದ್ಧಿ ಶುರುವಾಯಿತು. ಒಮ್ಮೆ ಕಿರುಚುತ್ತಿತ್ತು, ಒಮ್ಮೆ ಹಾಗೇ ಆರಿಹೋಗುತ್ತಿತ್ತು. 'ಈ ಬಿಸಿಲಿಗೆ ಹೀಗಾಗುತ್ತದೆ' ಅಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ಕಾರ್ಬುರೇಟರ್‌ನ ಮೂರೂ ಸ್ಕ್ರೂ ತಿರುಗಿಸಿದೆ. ಕೊನೆಗೊಂದು ಸಂಜೆ ಬೌಶರ್‌ನ ಮರಳು ದಿಬ್ಬದ ಹತ್ತಿರ ಅದು ಎಂದೂ ಇಲ್ಲದಷ್ಟು ಜೋರಾಗಿ ಓಡಿತು. ಎರಡು ನಿಮಿಷ. ಆಮೇಲೆ ನಿಂತಿತು, ನಿಂತೇ ಹೋಯಿತು.

ಏನಾಗಿತ್ತು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಈ ಎಂಜಿನ್ ಹೇಗೆ ಬದುಕುತ್ತದೆ ನೋಡೋಣ.

ಇದು ಟೂ ಸ್ಟ್ರೋಕ್ ಎಂಜಿನ್. ಟ್ರಕ್‌ಗಳಲ್ಲಿ ಸಾಮಾನ್ಯವಾಗಿ ಎರಡೂವರೆಯಿಂದ ಐದು ಸಿಸಿ ಒಳಗಿನದು. ಇದಕ್ಕೆ ಸ್ಪಾರ್ಕ್ ಪ್ಲಗ್ ಇಲ್ಲ, ಗ್ಲೋ ಪ್ಲಗ್ ಇದೆ. ಅದರೊಳಗೆ ಪ್ಲಾಟಿನಂ ಬೆರೆತ ಸಣ್ಣ ತಂತಿಯ ಸುರುಳಿ. ಬಿಸಿ ಪ್ಲಾಟಿನಂ ತಂತಿ ಗ್ಯಾಸ್ ಬೆರೆತ ಗಾಳಿಯಲ್ಲಿ ಜ್ವಾಲೆಯೇ ಇಲ್ಲದೆ ಕೆಂಪಗೆ ಹೊಳೆಯುತ್ತಲೇ ಇರುತ್ತದೆ ಎಂದು ಹಂಫ್ರಿ ಡೇವಿ 1817ರಲ್ಲೇ ಕಂಡುಕೊಂಡಿದ್ದ. ಇಲ್ಲೂ ಅದೇ ಸಂಗತಿ. ಶುರುವಿಗೆ ಇಗ್ನೈಟರ್‌ನ ಬ್ಯಾಟರಿ ತಂತಿಯನ್ನು ಕಾಯಿಸುತ್ತದೆ. ಎಂಜಿನ್ ಹಿಡಿದ ಮೇಲೆ ಬ್ಯಾಟರಿ ತೆಗೆದರೂ, ಮೆಥನಾಲ್ ಮತ್ತು ಪ್ಲಾಟಿನಂ ಸೇರಿ ಆ ಕೆಂಡವನ್ನು ಉಳಿಸಿಕೊಳ್ಳುತ್ತವೆ.

ಇಂಧನದಲ್ಲಿ ಮೂರು ವಸ್ತುಗಳಿವೆ: ಮೆಥನಾಲ್, ನೈಟ್ರೋಮೀಥೇನ್, ಎಣ್ಣೆ. ಮೂರನೆಯದನ್ನು ಮರೆಯಬೇಡಿ. ಕಾರಿನ ಹಾಗೆ ಈ ಎಂಜಿನ್‌ಗೆ ಬೇರೆ ಆಯಿಲ್ ಇಲ್ಲ. ಇಂಧನ ಕಡಿಮೆ ಬಿಟ್ಟರೆ ಎಣ್ಣೆಯೂ ಕಡಿಮೆ ಹೋಗುತ್ತದೆ, ಒಳಗೆ ತಂಪೂ ಕಡಿಮೆಯಾಗುತ್ತದೆ. ಇಂಧನ ಹೆಚ್ಚಾದರೆ ರಿಚ್, ಕಡಿಮೆಯಾದರೆ ಲೀನ್ ಅನ್ನುತ್ತೇವೆ. ರಿಚ್ ಆದ ಎಂಜಿನ್ ಹೊಗೆ ಉಗುಳುತ್ತದೆ, ಸೋಮಾರಿಯಾಗುತ್ತದೆ, ಆದರೆ ಸಾಯುವುದಿಲ್ಲ. ಲೀನ್ ಆದದ್ದು ಸಾಯುವ ಮೊದಲು ಬಹಳ ಚೆನ್ನಾಗಿ ಓಡುತ್ತದೆ. ಮೋಸ ಇರುವುದೇ ಅಲ್ಲಿ.

ಈಗ ಕೆಟ್ಟ ಎಂಜಿನ್ ನಿಮ್ಮ ಮುಂದಿದೆ ಅಂದುಕೊಳ್ಳಿ. ಸ್ಕ್ರೂಡ್ರೈವರ್ ಕೆಳಗಿಡಿ. ಈ ಕ್ರಮದಲ್ಲಿ ನೋಡಿ.

ಮೊದಲು ಕೆಂಡ. ಗ್ಲೋ ಪ್ಲಗ್ ಬಿಚ್ಚಿ, ಇಂಧನದಿಂದ ದೂರ ಹೋಗಿ, ಇಗ್ನೈಟರ್‌ಗೆ ಸಿಕ್ಕಿಸಿ. ಸುರುಳಿ ಪೂರ್ತಿ ಕಿತ್ತಳೆ ಬಣ್ಣಕ್ಕೆ ಹೊಳೆಯಬೇಕು. ಮಂಕಾಗಿದ್ದರೆ ಇಗ್ನೈಟರ್ ಚಾರ್ಜ್ ಮಾಡಿ ಮತ್ತೆ ನೋಡಿ. ಆಗಲೂ ಹೊಳೆಯದಿದ್ದರೆ ಪ್ಲಗ್ ಬದಲಿಸಿ. ಸ್ಟಾರ್ಟ್ ಆಗದ ಎಷ್ಟೋ ಟ್ರಕ್‌ಗಳ ರೋಗ ಚಾರ್ಜ್ ಇಲ್ಲದ ಇಗ್ನೈಟರ್, ಅಷ್ಟೇ.

ಎರಡನೆಯದು ಇಂಧನದ ದಾರಿ. ಹಳೇ ಕ್ಯಾನ್‌ನದ್ದು ಬೇಡ. ಮೆಥನಾಲ್ ಗಾಳಿಯಲ್ಲಿರುವ ನೀರನ್ನು ಹೀರುತ್ತದೆ, ಮಸ್ಕತ್‌ನ ಕಡಲ ಗಾಳಿಯಲ್ಲಿ ಆ ನೀರಿಗೇನೂ ಬರವಿಲ್ಲ. ಮುಚ್ಚಳ ಸಡಿಲವಿದ್ದ ಕ್ಯಾನ್ ಕೆಲಸಕ್ಕೆ ಬಾರದು. ಆಮೇಲೆ ಟ್ಯಾಂಕಿನಿಂದ ಕಾರ್ಬುರೇಟರ್‌ಗೆ ಹೋಗುವ ಸಿಲಿಕೋನ್ ಟ್ಯೂಬ್ ನೋಡಿ. ಇಂಧನ ಹರಿಯುವಾಗ ಗಾಳಿಗುಳ್ಳೆ ಬರುತ್ತಿದೆಯೇ? ಸೈಲೆನ್ಸರ್‌ನಿಂದ ಟ್ಯಾಂಕಿಗೆ ಬರುವ ಇನ್ನೊಂದು ಟ್ಯೂಬ್ ಇದೆ, ಟ್ಯಾಂಕಿಗೆ ಒತ್ತಡ ಕೊಡುವುದು ಅದೇ. ಎರಡನ್ನೂ ಬಗ್ಗಿಸಿ, ಬೆರಳಲ್ಲಿ ತಿರುಗಿಸಿ, ಬಿರುಕು ಹುಡುಕಿ.

ಮೂರನೆಯದು ಗಾಳಿ. ನಮ್ಮ ಧೂಳು ಹಿಟ್ಟಿನಷ್ಟು ನಯ. ಏರ್ ಫಿಲ್ಟರ್‌ನ ಸ್ಪಂಜಿಗೆ ಫಿಲ್ಟರ್ ಎಣ್ಣೆ ಹಾಕದಿದ್ದರೆ ಆ ಧೂಳು ನೇರ ಸಿಲಿಂಡರ್‌ಗೆ ಇಳಿದು ಪಾಲಿಶ್ ಕಾಗದದ ಹಾಗೆ ಉಜ್ಜುತ್ತದೆ. ಮರಳಿನಲ್ಲಿ ಓಡಿಸಿದ ದಿನವೇ ಫಿಲ್ಟರ್ ತೊಳೆಯಿರಿ.

ನಾಲ್ಕನೆಯದು ಕಂಪ್ರೆಷನ್. ಹೆಚ್ಚಿನ ನೈಟ್ರೋ ಎಂಜಿನ್‌ಗಳಲ್ಲಿ ಪಿಸ್ಟನ್ ಅಲ್ಯುಮಿನಿಯಂ, ಅದು ಓಡಾಡುವ ಸ್ಲೀವ್ ಹಿತ್ತಾಳೆ, ಒಳಗೆ ಕ್ರೋಮ್ ಲೇಪ. ಸ್ಲೀವ್ ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಕಿರಿದು. ಎಂಜಿನ್ ತಣ್ಣಗಿದ್ದಾಗ ಫ್ಲೈವೀಲ್ ತಿರುಗಿಸಿದರೆ ಮೇಲೆ ಹೋಗುತ್ತಾ ಬಿಗಿ ಹಿಡಿಯಬೇಕು. ಸಲೀಸಾಗಿ ತಿರುಗಿದರೆ ಒಳಗೆ ಸವೆದಿದೆ, ಯಾವ ಸ್ಕ್ರೂ ತಿರುಗಿಸಿಯೂ ಪ್ರಯೋಜನವಿಲ್ಲ.

ಹಗ್ಗ ಎಳೆಯಲು ಬರುತ್ತಲೇ ಇಲ್ಲವೇ? ಬಲ ಹಾಕಬೇಡಿ. ಒಳಗೆ ಇಂಧನ ತುಂಬಿಕೊಂಡಿದೆ, ದ್ರವ ಅದುಮಲಾಗುವುದಿಲ್ಲ. ಪ್ಲಗ್ ತೆಗೆದು, ತೂತಿನ ಮೇಲೆ ಬಟ್ಟೆ ಹಾಕಿ, ಟ್ರಕ್ ತಲೆಕೆಳಗೆ ಮಾಡಿ ನಾಲ್ಕೈದು ಸಲ ಎಳೆಯಿರಿ. ಕಣ್ಣು ದೂರ ಇರಲಿ.

ಈ ನಾಲ್ಕೂ ಸರಿ ಇದ್ದರೆ ಮಾತ್ರ ಸ್ಕ್ರೂ. ಮೊದಲು ಅದನ್ನು ಮೆಲ್ಲಗೆ ಮುಚ್ಚುತ್ತಾ ಎಷ್ಟು ಸುತ್ತು ತೆರೆದಿತ್ತೆಂದು ಎಣಿಸಿ, ಬರೆದಿಟ್ಟು, ಅದೇ ಜಾಗಕ್ಕೆ ತನ್ನಿ. ಹೈ ಸ್ಪೀಡ್ ನೀಡಲ್ ಪೂರ್ತಿ ವೇಗದ ಇಂಧನಕ್ಕೆ, ಲೋ ಸ್ಪೀಡ್ ನೀಡಲ್ ನಿಧಾನದ್ದಕ್ಕೆ, ಐಡಲ್ ಸ್ಕ್ರೂ ನಿಂತಾಗಿನ ಓಟಕ್ಕೆ. ನೀಡಲ್‌ಗಳನ್ನು ಬಲಕ್ಕೆ ತಿರುಗಿಸಿದರೆ ಲೀನ್, ಎಡಕ್ಕೆ ರಿಚ್. ಒಂದು ಸಲಕ್ಕೆ ಒಂದೇ ಸ್ಕ್ರೂ, ಅದೂ ಗಡಿಯಾರದ ಮುಳ್ಳು ಒಂದು ಗಂಟೆಯಲ್ಲಿ ಸರಿಯುವಷ್ಟು. ಸಾರಿಗೆ ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಸುರಿದರೆ ಯಾವುದು ಹೆಚ್ಚಾಯಿತೆಂದು ಅಮ್ಮನಿಗೂ ಹೇಳಲಾಗದು.

ಲೋ ಸ್ಪೀಡ್ ನೋಡಲು ಒಂದು ಉಪಾಯವಿದೆ. ಎಂಜಿನ್ ಬಿಸಿಯಾಗಿ ನಿಂತಲ್ಲೇ ಓಡುತ್ತಿರುವಾಗ ಕಾರ್ಬುರೇಟರ್ ಹತ್ತಿರ ಟ್ಯೂಬನ್ನು ಚಿವುಟಿ ಹಿಡಿಯಿರಿ. ಎರಡು ಮೂರು ಸೆಕೆಂಡ್ ಓಡಿ, ಸ್ವಲ್ಪ ಏರಿ, ಆರಿದರೆ ಸರಿ ಇದೆ. ತಕ್ಷಣ ಆರಿದರೆ ಲೀನ್. ತುಂಬ ಏರಿ ನಿಧಾನಕ್ಕೆ ಆರಿದರೆ ರಿಚ್. ಹೈ ಸ್ಪೀಡ್ ಸರಿ ಇದ್ದರೆ ಪೂರ್ತಿ ವೇಗದಲ್ಲೂ ಹಿಂದೆ ತೆಳುವಾದ ನೀಲಿ ಹೊಗೆ ಕಾಣುತ್ತಿರಬೇಕು. ಹೊಗೆ ಇಲ್ಲವೆಂದರೆ ಆಗಲೇ ನಿಲ್ಲಿಸಿ. ಹೆಡ್ ಮೇಲೆ ಒಂದು ಹನಿ ನೀರು ಬಿಡಿ. ಮೂರ್ನಾಲ್ಕು ಸೆಕೆಂಡ್ ಕುದಿದು ಆರಿದರೆ ಪರವಾಗಿಲ್ಲ, ಬಿದ್ದ ಕೂಡಲೇ ಚುಂಯ್ ಎಂದು ಮಾಯವಾದರೆ ಎಂಜಿನ್ ಸುಡುತ್ತಿದೆ. ಅಳೆಯುವ ಥರ್ಮಾಮೀಟರ್ ಇದ್ದರೆ 100ರಿಂದ 125 ಡಿಗ್ರಿ ಸೆಲ್ಸಿಯಸ್ ಸಾಮಾನ್ಯ. ನಿಮ್ಮ ಎಂಜಿನ್ನಿನ ಕೈಪಿಡಿ ಬೇರೆ ಹೇಳಿದರೆ ಅದನ್ನೇ ನಂಬಿ.

ಒಮಾನ್‌ನಲ್ಲಿರುವವರು ಇನ್ನೊಂದು ವಿಷಯ ನೆನಪಿಡಬೇಕು. ಬಿಸಿ ಗಾಳಿ ತೆಳು. ಆಗಸ್ಟ್‌ನಲ್ಲಿ ಅದೇ ಸ್ಕ್ರೂ ಸ್ವಲ್ಪ ರಿಚ್ ಆಗಿ ವರ್ತಿಸುತ್ತದೆ, ನಾವು ಒಂಚೂರು ಬಿಗಿ ಮಾಡುತ್ತೇವೆ. ಜನವರಿಯಲ್ಲಿ, 20 ಡಿಗ್ರಿಯ ಬೆಳಿಗ್ಗೆ, ಅದೇ ಬಿಗಿಯಲ್ಲಿ ಓಡಿಸಿದರೆ ಎಂಜಿನ್ ಲೀನ್. ಜಬಲ್ ಅಖ್ದರ್‌ನ ಸೈಕ್ ಪ್ರಸ್ಥಭೂಮಿಯೂ ಹೀಗೆಯೇ. ಸುಮಾರು 2000 ಮೀಟರ್ ಎತ್ತರ, ಗಾಳಿಯ ಒತ್ತಡ ಕಡಲ ಮಟ್ಟಕ್ಕಿಂತ ಐದನೇ ಒಂದು ಭಾಗ ಕಡಿಮೆ. ಅಲ್ಲಿ ಟ್ಯೂನ್ ಮಾಡಿದ್ದನ್ನು ಮಸ್ಕತ್‌ಗೆ ಇಳಿಸಿ ಹಾಗೇ ಓಡಿಸಬೇಡಿ. ಋತು ಬದಲಾದರೆ, ಊರು ಬದಲಾದರೆ, ಮೊದಲು ಎಡಕ್ಕೆ ಸ್ವಲ್ಪ ಬಿಚ್ಚಿ, ಆಮೇಲೆ ಕೇಳುತ್ತಾ ಸರಿ ಮಾಡಿ.

ನಿಮ್ಮ ಮೈಯನ್ನೂ ನೋಡಿಕೊಳ್ಳಿ. ಇಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂದು ಕಾನೂನೇ ಇದೆ. ಆಟಕ್ಕೂ ಅದೇ ಇರಲಿ. ಮೆಥನಾಲ್ ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಬಿಸಿಲಲ್ಲಿ ಅದರ ಬೆಂಕಿ ಕಣ್ಣಿಗೆ ಕಾಣುವುದಿಲ್ಲ. ಕ್ಯಾನನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಎಂಜಿನ್ ಅನ್ನು ಮನೆಯೊಳಗೆ ಓಡಿಸಬೇಡಿ. ಆಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ಆರುವ ತನಕ ಓಡಿಸಿ, ಆಫ್ಟರ್ ರನ್ ಎಣ್ಣೆ ಎರಡು ಹನಿ ಒಳಗೆ ಬಿಟ್ಟು ತಿರುಗಿಸಿಡಿ. ಇಲ್ಲದಿದ್ದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ.

ಇನ್ನು ನನ್ನ ಟ್ರಕ್. ಮೂರು ದಿನ ಅಪ್ಪನಿಗೆ ಹೇಳದೆ ಮುಚ್ಚಿಟ್ಟೆ. ಓವರ್‌ಟೈಮ್ ದುಡ್ಡು ತಲೆಯಲ್ಲಿತ್ತು. ಶುಕ್ರವಾರ ಅವರೇ ಕೇಳಿದರು, "ಯಾಕೆ, ಇವತ್ತು ಓಡಿಸುವುದಿಲ್ವಾ?" ಹೇಳಿದೆ. ಅವರು ನೆಲದ ಮೇಲೆ ಹಳೇ ಪೇಪರ್ ಹಾಸಿ, ಚಕ್ಕಳಮಕ್ಕಳ ಕೂತು, ಒಂದೊಂದೇ ಬಿಚ್ಚಿದರು. ಪಿಸ್ಟನ್ ಗೀರು ಬಿದ್ದಿತ್ತು, ಬಿಗಿ ಇರಲಿಲ್ಲ. ಆಮೇಲೆ ಇಂಧನದ ಟ್ಯೂಬನ್ನು ಬೆಳಕಿಗೆ ಹಿಡಿದು ಬಗ್ಗಿಸಿದರು. ಕಾರ್ಬುರೇಟರ್‌ಗೆ ಸಿಕ್ಕಿಸುವ ಕಡೆ ಸೂಜಿಮೊನೆಯಷ್ಟು ಬಿರುಕು.

"ಎಂತ ಹಾಳಾದ್ದು ಅಂತ ಗೊತ್ತಿಲ್ಲದೆ ಎಂತ ರಿಪೇರಿ ಮಾಡಿದ್ದು ಮಾರಾಯ?" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಬೆರಳುದ್ದದ ಟ್ಯೂಬ್ ಬದಲಿಸಿದ್ದರೆ ಮುಗಿಯುತ್ತಿತ್ತು. ಬಿರುಕಿನಿಂದ ಗಾಳಿ ನುಗ್ಗುತ್ತಿತ್ತು, ನಾನು ಅದನ್ನು ಸ್ಕ್ರೂನಿಂದ ಸರಿ ಮಾಡಲು ಹೋಗಿ ಎಂಜಿನ್ ಕೊಂದೆ. ಪಿಸ್ಟನ್ ಮತ್ತು ಸ್ಲೀವ್‌ಗೆ ನಾಲ್ಕು ತಿಂಗಳು ಪಾಕೆಟ್ ಮನಿ ಕೂಡಿಸಿದೆ. ಜೋಡಿಸುವಾಗ ಅಪ್ಪ ಪಕ್ಕದಲ್ಲಿ ಕೂತು ಚಹಾ ಕುಡಿದರು, ಸ್ಪ್ಯಾನರ್ ಮುಟ್ಟಲಿಲ್ಲ.

ಅಪ್ಪ ಈಗ ಪುತ್ತೂರಿನಲ್ಲಿದ್ದಾರೆ. ಟ್ರಕ್ ನನ್ನ ಹತ್ತಿರ ಇದೆ, ಓಡುತ್ತದೆ. ಫೋನ್ ಮಾಡಿದಾಗ ಅವರು ಕೇಳುವುದು, "ಟ್ಯೂಬ್ ನೋಡಿದ್ಯಾ?" ಅಂತ.

ನಿಮ್ಮ ಬಾಲ್ಕನಿಯಲ್ಲಿರುವ ಟ್ರಕ್ಕನ್ನು ಈ ಶುಕ್ರವಾರ ಸಂಜೆ ಕೆಳಗಿಳಿಸಿ. ಇಗ್ನೈಟರ್ ಚಾರ್ಜ್‌ಗೆ ಹಾಕಿ, ಟ್ಯೂಬನ್ನು ಬೆಳಕಿಗೆ ಹಿಡಿಯಿರಿ. ಸ್ಕ್ರೂಡ್ರೈವರ್ ಡಬ್ಬದಲ್ಲೇ ಇರಲಿ.