ಕೆಲಸ ಮುಗಿದ ಮೇಲೂ ಉಳಿಯುವ ಮನೆ
(ವಯನಾಡಿನ ಎಸ್ಟೇಟ್ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ. ತನಕ ಓದಿದವನು. ದೊಡ್ಡ ಭಾಷಣ ನನಗೆ ಬಾರದು. ಆದರೆ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಮನೆಯ ವಿಷಯ ಮಾತಾಡಲು ಬೇರೆ ಪಾಸು ಬೇಕಾಗಿಲ್ಲ.

ನಮ್ಮ ಅಪ್ಪ ರಿಟೈರ್ ಆದ ದಿನ ಆಫೀಸಿನಲ್ಲಿ ಒಂದೇ ಮಾತು ಹೇಳಿದರು: “ಮೊದಲು ಪಾಡಿ ಖಾಲಿ ಮಾಡು, ಆಮೇಲೆ ಗ್ರಾಚುಯಿಟಿ.” ದುಡ್ಡು ಬಂದರೆ ತಾನೇ ಐದು ಸೆಂಟು ಜಾಗ ಕೊಳ್ಳುವುದು? ಜಾಗ ಇದ್ದರೆ ತಾನೇ ಖಾಲಿ ಮಾಡುವುದು? ಈ ಗಂಟು ಬಿಚ್ಚಲು ಎರಡು ವರ್ಷ ಹಿಡಿಯಿತು. ಅಷ್ಟರೊಳಗೆ ಅಮ್ಮ ಆ ಸೋರುವ ಮಾಡಿನ ಕೆಳಗೇ ತೀರಿಹೋದರು. ಗ್ರಾಚುಯಿಟಿಯನ್ನು 30 ದಿನದೊಳಗೆ ಕೊಡಬೇಕು ಎಂದು ಕಾನೂನು ಇದೆ. ಅದು ನಮಗೆ ಆಗ ಗೊತ್ತಿರಲಿಲ್ಲ.

1951ರ ತೋಟ ಕಾರ್ಮಿಕರ ಕಾನೂನು, ಮನೆ ಕೊಡುವುದು ಮಾಲೀಕರ ಹೊಣೆ ಎಂದಿತು. ಒಳ್ಳೆಯದೇ. ಆದರೆ ಆ ಮನೆ ಕೆಲಸಕ್ಕೆ ಕಟ್ಟಿದ ಮನೆ. ಕೆಲಸ ಹೋದರೆ ಮನೆಯೂ ಹೋಯಿತು. ಇನ್ನೊಂದು ಕಷ್ಟವೂ ಇತ್ತು. ಪಂಚಾಯತಿಗೆ ಹೋದರೆ “ಅದು ಎಸ್ಟೇಟಿನ ಜಾಗ, ನಾವು ಕೈ ಹಾಕುವ ಹಾಗಿಲ್ಲ” ಅನ್ನುವರು. ಎಸ್ಟೇಟಿಗೆ ಹೋದರೆ “ಸರ್ಕಾರದ ಸ್ಕೀಮಿದೆ, ಪಂಚಾಯತಿಯಲ್ಲಿ ಕೇಳು” ಅನ್ನುವರು. ಇಬ್ಬರ ನಡುವೆ ಮೂರು ತಲೆಮಾರು ಕಳೆಯಿತು.

ಪಂಚಾಯತಿಗೆ ಮನೆ ಕಟ್ಟಿಸಲು ಬರುವುದಿಲ್ಲವೇ? ಬರುತ್ತದೆ. 1972ರಲ್ಲಿ ಎಂ. ಎನ್. ಗೋವಿಂದನ್ ನಾಯರ್ ಮಂತ್ರಿಯಾಗಿದ್ದಾಗ ಕೇರಳದಲ್ಲಿ ‘ಲಕ್ಷಂ ವೀಡು’ ಯೋಜನೆ ಶುರುವಾಯಿತು. ಒಂದೊಂದು ಪಂಚಾಯತಿಗೆ ನೂರು ಮನೆಯ ಲೆಕ್ಕ. ಜಾಗವಿಲ್ಲದ ಕೂಲಿಯವರಿಗೆ ಜಾಗ ಸಹಿತ ಮನೆ. ಇಂದಿನ ಲೈಫ್ ಮಿಷನ್‌ನಲ್ಲಿ ಮನೆಗೆ 4 ಲಕ್ಷ ರೂಪಾಯಿ ಕೊಡುತ್ತಾರೆ. ಯಾರಿಗೆ ಸಿಗಬೇಕು ಎಂಬ ಪಟ್ಟಿ ಗ್ರಾಮಸಭೆಯ ಮುಂದೆ ಬರುತ್ತದೆ.

ಹಾಗಾದರೆ ನಾವೇಕೆ ಪಟ್ಟಿಯಲ್ಲಿ ಹಿಂದೆ? ದುಡ್ಡು ಇರುವುದು ಮನೆ ಕಟ್ಟಲು. ಕಟ್ಟಲು ನಮಗೆ ಮಣ್ಣಿಲ್ಲ. ಬೆಟ್ಟವೆಲ್ಲ ನಾವು ಕೊತ್ತಿ ನೆಟ್ಟದ್ದು, ಒಂದು ಸೆಂಟೂ ನಮ್ಮದಲ್ಲ.

ಇದರ ಬೆಲೆ ಏನೆಂದು ನೋಡಿದ್ದೇವೆ. 2020ರ ಆಗಸ್ಟ್ 6ರ ರಾತ್ರಿ ಮೂನಾರಿನ ಹತ್ತಿರ ಪೆಟ್ಟಿಮುಡಿಯಲ್ಲಿ ಗುಡ್ಡ ಕುಸಿದು ಲೈನ್‌ಗಳು ಮಣ್ಣಾದವು; 70 ಮಂದಿ ಹೋದರು. 2024ರ ಜುಲೈ 30ರಂದು ನಮ್ಮ ಮೇಪ್ಪಾಡಿ ಪಂಚಾಯತಿಯ ಮುಂಡಕೈ, ಚೂರಲ್ಮಲದಲ್ಲಿ ಮಲಗಿದ್ದವರು ಮಲಗಿದಲ್ಲೇ ಹೋದರು. ಆಮೇಲೆ ಸರ್ಕಾರ ಕಲ್ಪೆಟ್ಟದಲ್ಲಿ ಎಸ್ಟೇಟಿನ ಜಾಗವನ್ನೇ ವಹಿಸಿಕೊಂಡು, ಮನೆಗೆ 7 ಸೆಂಟಿನಂತೆ ಟೌನ್‌ಶಿಪ್‌ಗೆ 2025ರ ಮಾರ್ಚ್ 27ರಂದು ಕಲ್ಲು ಹಾಕಿತು. ಎಸ್ಟೇಟ್ ಜಾಗದಲ್ಲಿ ಕೂಲಿಯವನಿಗೆ ಮನೆ ಆಗದು ಎಂಬ ಮಾತು ಅಂದಿಗೆ ಸುಳ್ಳಾಯಿತು. ಆದರೆ ಅದಕ್ಕೆ ಅಷ್ಟು ಜನ ಸಾಯಬೇಕಿತ್ತೇ?

ಈಗ ಕಾನೂನೂ ಬದಲಾಗಿದೆ. 2025ರ ನವೆಂಬರ್ 21ರಿಂದ ಹಳೆಯ ತೋಟ ಕಾನೂನಿನ ಬದಲು 2020ರ ಹೊಸ ಕೋಡ್ ಜಾರಿಗೆ ಬಂತು. ಮಾಲೀಕರು ಮನೆ, ನೀರು, ಕಕ್ಕಸನ್ನು ಸ್ವಂತ ಖರ್ಚಿನಲ್ಲೂ ಒದಗಿಸಬಹುದು, ಸರ್ಕಾರದ ಅಥವಾ ಪಂಚಾಯತಿಯ ಯೋಜನೆಯ ಮೂಲಕವೂ ಒದಗಿಸಬಹುದು ಎಂದು ಅದರಲ್ಲಿದೆ. ಇದನ್ನು ಎಚ್ಚರದಿಂದ ಓದಬೇಕು. ಪಂಚಾಯತಿ ಕೈ ಜೋಡಿಸಲಿ, ಸಂತೋಷ. ಆದರೆ ಹೊಣೆ ಮಾಲೀಕರ ಹೆಗಲಿನಿಂದ ಇಳಿಯಬಾರದು.

ನಾವು ಮಾಡಬೇಕಾದದ್ದು ಮೂರು. ಒಂದು, ಗ್ರಾಮಸಭೆಗೆ ಹೋಗಬೇಕು. ಮೂರು ತಿಂಗಳಿಗೊಮ್ಮೆ ಅದು ಸೇರಬೇಕು. ವಾರ್ಡಿನ ಮತದಾರರಲ್ಲಿ ಹತ್ತರಲ್ಲಿ ಒಬ್ಬರಾದರೂ ಇರಬೇಕು. ಮಲಯಾಳ ಸರಿಯಾಗಿ ಬಾರದೆಂದು ಹಿಂದಿನ ಬೆಂಚಿನಲ್ಲಿ ಕೂರಬೇಡಿ. ಬಲ್ಲ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ. ಎರಡು, ಜಾಗವಿಲ್ಲದವರ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ, ರೇಷನ್ ಕಾರ್ಡ್ ಸರಿ ಮಾಡಿಸಿ. ಮೂರು, ರಿಟೈರ್ ಆಗುವುದಕ್ಕೆ ಐದು ವರ್ಷ ಮೊದಲೇ ಅರ್ಜಿ ಹಾಕಿ. ನಮ್ಮ ಅಪ್ಪನ ಹಾಗೆ ಕೊನೆಯ ದಿನದವರೆಗೆ ಕಾಯಬೇಡಿ.

ಅರ್ಜಿ ಬರೆಯಲು ಬಾರದವರು ಭಾನುವಾರ ಸಂಜೆ ನನ್ನ ಹತ್ತಿರ ಬನ್ನಿ. ಪೆನ್ನು, ಕಾಗದ ನಾನೇ ತರುತ್ತೇನೆ.