ಎಳೆಯರ ತಂಡ, ಮುದುಕ ಅಭಿಮಾನಿ

ಆಟದ ಅಭಿಮಾನವೆನ್ನುವುದು ವಯಸ್ಸಾದಂತೆ ತಾನಾಗಿ ಇಳಿಯುವ ಒಂದು ಜ್ವರವೆಂದು ನಾನು ಬಹಳ ಕಾಲ ನಂಬಿದ್ದೆ. ಎಪ್ಪತ್ತು ದಾಟಿದ ಮೇಲೂ ಅದು ಇಳಿಯದಿದ್ದರೆ ಮನೆಯವರು ಚಿಂತಿಸಬೇಕಾದ ಸಂಗತಿಯೇ ಸರಿ. ನನಗೆ ಹಿಡಿದದ್ದು ಕ್ರಿಕೆಟ್ಟಿನ ಜ್ವರವಲ್ಲ. ಆಗಿದ್ದರೆ ನಮ್ಮಲ್ಲಿ ಯಾರೂ ಅದನ್ನು ಜ್ವರವೆಂದೇ ಎಣಿಸುತ್ತಿರಲಿಲ್ಲ. ಇದು ಬಾಸ್ಕೆಟ್‌ಬಾಲಿನದು. ಅದರಲ್ಲೂ ಅಮೆರಿಕದ ನಟ್ಟನಡುವಿನ ಬಯಲುಸೀಮೆಯಲ್ಲಿರುವ ಒಕ್ಲಹೋಮ ನಗರದ ವೃತ್ತಿಪರ ತಂಡವೊಂದರದು. ತಂಡದ ಹೆಸರು ‘ಥಂಡರ್’, ಎಂದರೆ ಗುಡುಗು. ಬೇಸಗೆ ಬಂತೆಂದರೆ ಸುಂಟರಗಾಳಿಗೆ ಹೆದರಿ ಜನ ನೆಲಮನೆಗೆ ಇಳಿಯುವ ಊರಿಗೆ ಈ ಹೆಸರು ಒಪ್ಪುತ್ತದೆ.

1970ರ ಆಸುಪಾಸಿನಲ್ಲಿ ಮೈಸೂರಿನ ಕಾಲೇಜೊಂದರ ಸಿಮೆಂಟು ಅಂಗಳದಲ್ಲಿ ನಾನೂ ಈ ಆಟವನ್ನು ಆಡಿದವನು. ನಮ್ಮದು ಏಳು ಜನರ ತಂಡ. ಒಬ್ಬರ ಕೈಯ ಗುಟ್ಟು ಇನ್ನೊಬ್ಬರಿಗೆ ತಿಳಿಯುವ ಹೊತ್ತಿಗೆ ಪದವಿಯ ಪರೀಕ್ಷೆ ಬಂತು, ಎಲ್ಲರೂ ಚದುರಿದೆವು. ಕಾಲೇಜು ತಂಡಗಳ ಹಣೆಬರಹವೇ ಅದು. ಆಮೇಲೆ ಮೂವತ್ತೈದು ವರ್ಷ ಭೌತಶಾಸ್ತ್ರದ ಪಾಠ ಹೇಳುತ್ತ ಚೆಂಡನ್ನು ಮರೆತಿದ್ದೆ. ಮತ್ತೆ ನೆನಪಾದದ್ದು 2012ರಲ್ಲಿ. ಒಕ್ಲಹೋಮ ನಗರಕ್ಕೆ ಮೂವತ್ತು ಕಿಲೋಮೀಟರು ದೂರದ ನಾರ್ಮನ್ ಎಂಬ ಊರಿನಲ್ಲಿರುವ ಮಗಳ ಬಾಣಂತನಕ್ಕೆಂದು ನನ್ನ ಹೆಂಡತಿ ಹೊರಟಳು. ಅವಳ ಸಾಮಾನುಗಳಲ್ಲಿ ಒಂದಾಗಿ ನಾನೂ ಹೊರಟೆ. ಬಾಣಂತಿಯ ಮನೆಯಲ್ಲಿ ಗಂಡಸರಿಗೇನು ಕೆಲಸ? ಅಳಿಯನೂ ನಾನೂ ಸಂಜೆ ಟೆಲಿವಿಷನ್ನಿನ ಮುಂದೆ ಕುಳಿತೆವು.

ಆಗ ಕಂಡ ತಂಡದ ನಾಲ್ವರು ಮುಖ್ಯ ಆಟಗಾರರಲ್ಲಿ ಯಾರಿಗೂ ಇಪ್ಪತ್ತನಾಲ್ಕು ತುಂಬಿರಲಿಲ್ಲ. ಕೆವಿನ್ ಡ್ಯುರಾಂಟ್, ರಸೆಲ್ ವೆಸ್ಟ್‌ಬ್ರುಕ್, ಜೇಮ್ಸ್ ಹಾರ್ಡನ್, ಸರ್ಜ್ ಇಬಾಕಾ. ಮೂರು ವರ್ಷದ ಕೆಳಗೆ 82 ಪಂದ್ಯಗಳಲ್ಲಿ 23ನ್ನು ಮಾತ್ರ ಗೆದ್ದಿದ್ದ ತಂಡ ಆ ಬೇಸಗೆಯಲ್ಲಿ ಡಲ್ಲಾಸ್, ಲಾಸ್ ಏಂಜಲೀಸ್, ಸ್ಯಾನ್ ಆಂಟೋನಿಯೊಗಳನ್ನು ಒಂದಾದ ಮೇಲೊಂದರಂತೆ ಕೆಡವಿ ಫೈನಲ್ ತಲುಪಿತು. ಅಲ್ಲಿ ಮಯಾಮಿಗೆ ನಾಲ್ಕಕ್ಕೆ ಒಂದರಂತೆ ಸೋತಿತು. ಸೋತದ್ದು ನಮಗೇನೂ ಭಾರವೆನಿಸಲಿಲ್ಲ. ‘ಮಕ್ಕಳು, ಇನ್ನೂ ಹತ್ತು ವರ್ಷ ಇವರದೇ’ ಎಂದು ಅಳಿಯ ಅಂದ. ತೊಟ್ಟಿಲಲ್ಲಿದ್ದ ಮೊಮ್ಮಗಳನ್ನು ನೋಡಿ ನಾನೂ ಹೂಂಗುಟ್ಟಿದೆ.

ಆ ಮಾತು ಐದು ತಿಂಗಳೂ ನಿಲ್ಲಲಿಲ್ಲ. ಅಲ್ಲಿಯ ಲೀಗಿನಲ್ಲಿ ಒಂದು ತಂಡ ಕೊಡುವ ಒಟ್ಟು ಸಂಬಳಕ್ಕೆ ಮಿತಿಯುಂಟು. ಅದರ ಮೇಲೊಂದು ಗೆರೆಯನ್ನು ದಾಟಿದರೆ ಮಾಲೀಕರು ಭಾರಿ ದಂಡ ತೆರಬೇಕು. ಎಳೆಯರೆಲ್ಲ ಒಟ್ಟಿಗೆ ಬೆಳೆದರೆ ಎಲ್ಲರ ಬೆಲೆಯೂ ಒಟ್ಟಿಗೇ ಏರುತ್ತದೆ. ಹಾರ್ಡನ್ನನ ಸಂಬಳದ ಮಾತುಕತೆ ಕೂಡಿಬರಲಿಲ್ಲ. 2012ರ ಅಕ್ಟೋಬರ್ 27ರಂದು ಅವನನ್ನು ಹ್ಯೂಸ್ಟನ್ ತಂಡಕ್ಕೆ ಕೊಟ್ಟುಬಿಟ್ಟರು. 2016ರ ಜುಲೈಯಲ್ಲಿ ಡ್ಯುರಾಂಟ್ ತಾನಾಗಿಯೇ ಕ್ಯಾಲಿಫೋರ್ನಿಯದ ತಂಡಕ್ಕೆ ಹೋದ. 2019ರಲ್ಲಿ ವೆಸ್ಟ್‌ಬ್ರುಕ್ಕನೂ ಹೊರಟ. ಡ್ಯುರಾಂಟ್, ವೆಸ್ಟ್‌ಬ್ರುಕ್, ಹಾರ್ಡನ್ ಮೂವರೂ ಕಾಲಕಾಲಕ್ಕೆ ಇಡೀ ಲೀಗಿನ ಶ್ರೇಷ್ಠ ಆಟಗಾರರೆನಿಸಿದರು. ಮೂವರೂ ಒಂದೇ ಅಂಗಿ ತೊಟ್ಟು ಕಿರೀಟ ಗೆದ್ದದ್ದು ಮಾತ್ರ ಇಲ್ಲ. ನಮ್ಮನ್ನು ಪರೀಕ್ಷೆ ಚದುರಿಸಿದ್ದರೆ ಇವರನ್ನು ಹಣ ಚದುರಿಸಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಈ ತಂಡ ಒಕ್ಲಹೋಮದಲ್ಲಿ ಹುಟ್ಟಿದ್ದಲ್ಲ. ನಲವತ್ತೊಂದು ವರ್ಷ ಸಿಯಾಟಲ್ ನಗರದ್ದಾಗಿ, 1979ರಲ್ಲಿ ಅಲ್ಲಿಗೆ ಕಿರೀಟವನ್ನೂ ತಂದುಕೊಟ್ಟಿದ್ದ ‘ಸೂಪರ್‌ಸಾನಿಕ್ಸ್’ ತಂಡವನ್ನು 2006ರಲ್ಲಿ ಒಕ್ಲಹೋಮದ ಧನಿಕರು ಕೊಂಡರು. 2008ರಲ್ಲಿ ಬೇರುಸಹಿತ ಕಿತ್ತು ತಂದರು. ಹೆಸರು, ಬಣ್ಣಗಳು ಸಿಯಾಟಲ್ಲಿಗೇ ಉಳಿದವು. ಆಟಗಾರರು ಇತ್ತ ಬಂದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಯಾಟಲ್ಲಿನಲ್ಲಿದ್ದಾನೆ. ಡ್ಯುರಾಂಟನ ಮೊದಲ ವರ್ಷದ ಆಟವನ್ನು ಅಲ್ಲಿಯೇ ಟಿಕೆಟ್ಟು ಕೊಂಡು ನೋಡಿದವನು. ‘ಸಾರ್, ಬೇರೆ ಏನು ಬೇಕಾದರೂ ಮಾತಾಡಿ, ಆ ತಂಡದ ಮಾತು ಮಾತ್ರ ಬೇಡ’ ಎನ್ನುತ್ತಾನೆ. ನಾನು ಯಾರ ಬೆಳವಣಿಗೆಯನ್ನು ಕಂಡು ಹಿಗ್ಗುತ್ತಿದ್ದೆನೋ ಆ ಸಸಿ ಇನ್ನೊಬ್ಬರ ಹಿತ್ತಲಿನದು. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಆದರೆ ಆ ಊರಿಗೂ ಒಂದು ಹಸಿವಿತ್ತು. ಸುಮಾರು ಏಳು ಲಕ್ಷ ಜನರ ಒಕ್ಲಹೋಮ ನಗರವನ್ನು ಹೊರಗಿನವರು ನೆನೆಯುತ್ತಿದ್ದದ್ದು 1995ರ ಏಪ್ರಿಲ್ 19ರ ಬಾಂಬು ಸ್ಫೋಟಕ್ಕಾಗಿ. ಸತ್ತವರು 168 ಜನ. ಅವರ ಹೆಸರಿನಲ್ಲಿ ಹುಲ್ಲುಹಾಸಿನ ಮೇಲೆ 168 ಖಾಲಿ ಕುರ್ಚಿಗಳನ್ನು ಇಟ್ಟಿದ್ದಾರೆ. ಅವುಗಳಲ್ಲಿ ಹತ್ತೊಂಬತ್ತು ಪುಟ್ಟವು, ಮಕ್ಕಳವು. ತಂಡಕ್ಕೆ ಹೊಸದಾಗಿ ಬಂದ ಪ್ರತಿಯೊಬ್ಬ ಆಟಗಾರನನ್ನೂ ವ್ಯವಸ್ಥಾಪಕ ಸ್ಯಾಮ್ ಪ್ರೆಸ್ಟಿ ಅಲ್ಲಿಗೆ ಕಳಿಸುವ ಪದ್ಧತಿಯಿದೆ. ಹತ್ತೊಂಬತ್ತು ಇಪ್ಪತ್ತರ ಹುಡುಗರು, ನಿನ್ನೆಯವರೆಗೆ ಈ ರಾಜ್ಯವನ್ನು ನಕ್ಷೆಯಲ್ಲೂ ಹುಡುಕದಿದ್ದವರು, ಆ ಕುರ್ಚಿಗಳ ನಡುವೆ ನಿಂತು ತಾವು ಯಾರ ಮುಂದೆ ಆಡಲಿದ್ದೇವೆಂದು ತಿಳಿಯಬೇಕು. ನಾನೂ ಒಂದು ಸಂಜೆ ಅಲ್ಲಿ ನಿಂತೆ. ಕುರ್ಚಿಗಳ ಕೆಳಗೆ ದೀಪ ಹತ್ತುವ ಹೊತ್ತು ಅದು. ನನ್ನ ಹೆಂಡತಿ ಪುಟ್ಟ ಕುರ್ಚಿಗಳನ್ನು ಎಣಿಸತೊಡಗಿ ನಡುವೆಯೇ ನಿಲ್ಲಿಸಿಬಿಟ್ಟಳು.

ಮತ್ತೆ ನಾನು ಅಲ್ಲಿಗೆ ಹೋದದ್ದು 2021ರ ನವೆಂಬರಿನಲ್ಲಿ, ಕೋವಿಡ್ಡಿನ ನಿರ್ಬಂಧ ಸಡಿಲವಾದ ಮೇಲೆ. ಈ ಸಲ ನಾನೊಬ್ಬನೇ. ಮೈಸೂರಿನ ಮನೆಯಲ್ಲಿ ಒಂಟಿಯಾಗಿ ಇರಬೇಡವೆಂದು ಮಗಳು ಕರೆಸಿಕೊಂಡಿದ್ದಳು. ಯಾವುದರಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ. ತಂಡವೂ ನನ್ನಂತೆಯೇ ಇತ್ತೆನ್ನಬಹುದು. ಹಿಂದಿನ ವರ್ಷ 72 ಪಂದ್ಯಗಳಲ್ಲಿ 50ನ್ನು ಸೋತಿತ್ತು. ಡಿಸೆಂಬರ್ 2ರ ರಾತ್ರಿ ಮೆಂಫಿಸ್ ನಗರದಲ್ಲಿ ಅದು 152ಕ್ಕೆ 79ರಂತೆ, 73 ಪಾಯಿಂಟುಗಳಿಂದ ಸೋತಿತು. ಆ ಲೀಗಿನ ಚರಿತ್ರೆಯಲ್ಲಿ ಅಷ್ಟು ದೊಡ್ಡ ಸೋಲು ಅದಕ್ಕೆ ಮೊದಲು ಇರಲಿಲ್ಲ. ಮೂರನೆಯ ಕಾಲುಭಾಗದಲ್ಲೇ ನಾನು, ‘ಆರಿಸಮ್ಮ, ಇವರ ಕೈಲಾಗದು’ ಎಂದೆ. ಒಂಬತ್ತು ವರ್ಷದ ಮೊಮ್ಮಗಳು, ‘ನೀವು ಮಲಗಿ ತಾತ, ನಾನು ನೋಡ್ತೀನಿ’ ಎಂದಳು. ನಾನು ಹೋಗಿ ಮಲಗಿದೆ. ಅವಳು ಕೊನೆಯವರೆಗೂ ನೋಡಿದಳಂತೆ.

ಆ ಸೋಲುಗಳ ಹಿಂದೆ ಒಂದು ಲೆಕ್ಕಾಚಾರವಿತ್ತು. ಪ್ರತಿ ವರ್ಷ ಹೊಸ ಆಟಗಾರರನ್ನು ತಂಡಗಳಿಗೆ ಹಂಚುವ ಸರದಿಗೆ ಅಲ್ಲಿ ‘ಡ್ರಾಫ್ಟ್’ ಎನ್ನುತ್ತಾರೆ. ಹೆಚ್ಚು ಸೋತವರಿಗೆ ಮೊದಲು ಆರಿಸುವ ಅವಕಾಶ ಹೆಚ್ಚು, ಚೀಟಿಯೆತ್ತಿ ತೀರ್ಮಾನಿಸುತ್ತಾರೆ. ದುರ್ಬಲರನ್ನು ಮೇಲೆತ್ತಲೆಂದು ಮಾಡಿದ ಏರ್ಪಾಡೇ ಸೋಲಿಗೆ ಸಂಭಾವನೆ ಕೊಡುವಂತಾಯಿತು. 2021ರಲ್ಲಿ ಆಲ್ ಹಾರ್ಫರ್ಡ್ ಎಂಬ ಅನುಭವಿ ಆಟಗಾರನನ್ನು, ಮೈಯಲ್ಲಿ ಯಾವ ನೋವೂ ಇಲ್ಲದಿದ್ದರೂ, ಋತುವಿನ ಕೊನೆಯ ಭಾಗದಲ್ಲಿ ಕೂರಿಸಿಬಿಟ್ಟರು. ಎಳೆಯರಿಗೆ ಅವಕಾಶ ಕೊಡಲೆಂದು ಹೇಳಿದರು. ಕಾಸು ಕೊಟ್ಟು ಬಂದ ಪ್ರೇಕ್ಷಕನಿಗೆ ಇದು ಅನ್ಯಾಯವೆಂದು ನಾನು ಆಗ ಅಳಿಯನೊಡನೆ ವಾದಿಸಿದ್ದೆ. ಈಗಲೂ ಹಾಗೆಯೇ ಭಾವಿಸುತ್ತೇನೆ. ಗೆದ್ದ ಮೇಲೆ ಎಲ್ಲವೂ ದೂರದೃಷ್ಟಿಯಾಗಿ ಕಾಣುತ್ತದೆ.

ಈಗ ಪುಸ್ತಕ ತೆರೆದು ನೋಡಿದರೆ ಇನ್ನೊಂದು ತಮಾಷೆ ಕಾಣುತ್ತದೆ. ಸೋಲು ಕೊಟ್ಟ ಸಂಭಾವನೆ ಅಷ್ಟೇನೂ ದೊಡ್ಡದಲ್ಲ. ತಂಡದ ಕಣ್ಮಣಿಯಾದ ಕೆನಡಾದ ಹುಡುಗ ಶೇ ಗಿಲ್ಜಸ್-ಅಲೆಕ್ಸಾಂಡರ್, ಡ್ರಾಫ್ಟಿನಲ್ಲಿ ಹನ್ನೊಂದನೆಯವನಾಗಿ ಬೇರೆ ಕಡೆ ಆಯ್ಕೆಯಾಗಿ, 2019ರಲ್ಲಿ ಪಾಲ್ ಜಾರ್ಜ್ ಎಂಬ ಹೆಸರಾಂತ ಆಟಗಾರನ ಬದಲಿಗೆ ಇಲ್ಲಿಗೆ ಬಂದವನು. ಜೇಲನ್ ವಿಲಿಯಮ್ಸ್ ಹನ್ನೆರಡನೆಯವನು. ಅವನನ್ನು ಆರಿಸಿದ ಸರದಿಯೂ ಅದೇ ವಿನಿಮಯದಲ್ಲಿ ಸಿಕ್ಕಿದ್ದು. ಏರನ್ ವಿಗಿನ್ಸ್ ಐವತ್ತೈದನೆಯವನು. ಎದುರಾಳಿಯ ಮೇಲೆ ಗೋಡೆಯಂತೆ ನಿಲ್ಲುವ ಲೂ ಡೋರ್ಟನನ್ನು ಯಾರೂ ಆರಿಸಿಯೇ ಇರಲಿಲ್ಲ. ಮುಖ್ಯರಲ್ಲಿ ಸೋಲಿನಿಂದಲೇ ಸಿಕ್ಕವನೆಂದರೆ ಎರಡನೆಯವನಾಗಿ ಬಂದ ಚೆಟ್ ಹೋಮ್‌ಗ್ರೆನ್. ಅವನು ಪಾದ ಮುರಿದುಕೊಂಡು ಮೊದಲ ವರ್ಷ ಒಂದು ಪಂದ್ಯವನ್ನೂ ಆಡಲಿಲ್ಲ. ಹಾಗಾದರೆ ಇವರನ್ನು ಬೆಳೆಸಿದ್ದು ಏನು? ನನಗೆ ತೋರುವುದಿಷ್ಟು: ಸೋಲು ಯಾರನ್ನೂ ಬೆಳೆಸಲಿಲ್ಲ; ಅಂಗಳದಲ್ಲಿ ಸಿಕ್ಕ ನಿಮಿಷಗಳು ಬೆಳೆಸಿದವು. ಬೇರೆಡೆ ಬೆಂಚು ಕಾಯಬೇಕಾಗಿದ್ದ ಹುಡುಗರು ಇಲ್ಲಿ ರಾತ್ರಿಗೆ ಮೂವತ್ತು ನಿಮಿಷ ಆಡಿದರು, ತಪ್ಪಿದರು, ಮರುದಿನ ಮತ್ತೆ ಆಡಿದರು. ತರಬೇತುದಾರ ಮಾರ್ಕ್ ಡೇಗ್ನಾಲ್ಟ್ ಕೂಡ ಹಾಗೆಯೇ; ಕಿರಿಯರ ಪೂರಕ ತಂಡವನ್ನು ಐದು ವರ್ಷ ನಡೆಸಿ, ಮೂವತ್ತೈದರಲ್ಲಿ ಈ ಹೊಣೆ ಹೊತ್ತವನು. ಹುಡುಗರ ಜೊತೆ ತಾನೂ ಕಲಿತ.

ಇದನ್ನು ನನಗೆ ತೋರಿಸಿಕೊಟ್ಟವಳು ಮೊಮ್ಮಗಳು. ಆ ಚಳಿಗಾಲದಲ್ಲಿ ಒಮ್ಮೆ ನಮ್ಮನ್ನು ಪಂದ್ಯಕ್ಕೆ ಕರೆದೊಯ್ದರು. ತಮ್ಮ ತಂಡ ಮೊದಲ ಬುಟ್ಟಿ ಹಾಕುವವರೆಗೂ ಪ್ರೇಕ್ಷಕರು ಕೂರದೆ ನಿಂತೇ ಇರುವುದು ಅಲ್ಲಿಯ ಸಂಪ್ರದಾಯ. ಆ ಸಂಜೆ ಮೊದಲ ಬುಟ್ಟಿ ಬೀಳಲು ಎಷ್ಟು ಹೊತ್ತಾಯಿತೆಂದರೆ ನನ್ನ ಮೊಣಕಾಲು ದೂರು ಹೇಳತೊಡಗಿತು. ನಾನು ಫಲಕದ ಕಡೆ ನೋಡುತ್ತಿದ್ದೆ. ಅವಳು ನನ್ನ ತೋಳು ಎಳೆದು, ‘ತಾತ, ಸ್ಕೋರು ಬಿಡಿ, ಎರಡನೇ ನಂಬರಿನವನು ಹೇಗೆ ನಿಲ್ತಾನೆ ನೋಡಿ’ ಎಂದಳು. ನೋಡಿದೆ. ಶೇ ಎಲ್ಲರಿಗಿಂತ ವೇಗಿಯಲ್ಲ, ಎಲ್ಲರಿಗಿಂತ ಎತ್ತರ ಜಿಗಿಯುವವನೂ ಅಲ್ಲ. ನುಗ್ಗುತ್ತಿದ್ದವನು ಇದ್ದಕ್ಕಿದ್ದಂತೆ ನಿಂತುಬಿಡುತ್ತಾನೆ. ತಡೆಯಲು ಬಂದವನ ಮೈ ಅವನದೇ ವೇಗಕ್ಕೆ ಸಿಕ್ಕಿ ಮುಂದಕ್ಕೆ ಹೋಗಿಬಿಡುತ್ತದೆ. ಆ ಅರೆಕ್ಷಣದ ತೆರವಿನಲ್ಲಿ ಇವನು ಚೆಂಡನ್ನು ಮೆಲ್ಲನೆ ಎತ್ತಿ ಬಿಡುತ್ತಾನೆ. ಜೀವಮಾನವೆಲ್ಲ ಜಡತ್ವದ ನಿಯಮವನ್ನು ಕರಿಹಲಗೆಯ ಮೇಲೆ ಬರೆದ ನನಗೆ ಅದನ್ನು ತೋರಿಸಲು ಮೂರನೆಯ ತರಗತಿಯ ಹುಡುಗಿ ಬೇಕಾಯಿತು. 2018–19ರಲ್ಲಿ ಪಂದ್ಯಕ್ಕೆ ಸರಾಸರಿ 10.8 ಪಾಯಿಂಟು ಗಳಿಸಿದ್ದವನು 2022–23ರ ಹೊತ್ತಿಗೆ 31.4ಕ್ಕೆ ಏರಿದ. ಆ ಏರಿಕೆಯ ನಡುವಿನ ಮೆಟ್ಟಿಲುಗಳಲ್ಲಿ ಹಲವು ಸೋತ ಪಂದ್ಯಗಳಲ್ಲೇ ಇದ್ದವು. ಸೋಲುಗೆಲುವಿನ ಪಟ್ಟಿಯನ್ನಷ್ಟೇ ಓದಿದವರಿಗೆ ಅವು ಕಾಣಲಿಲ್ಲ.

ಆಮೇಲಿನದು ಓಟ. 24 ಗೆಲುವು ಮರುವರ್ಷ 40 ಆಯಿತು, ಅದರ ಮರುವರ್ಷ 57. 2024ರಲ್ಲಿ ಪಶ್ಚಿಮ ವಿಭಾಗದ ಅಗ್ರಸ್ಥಾನ ದೊರೆಯಿತು. ಅಷ್ಟು ಎಳೆಯ ತಂಡ ಅದಕ್ಕೆ ಮೊದಲು ಆ ಸ್ಥಾನಕ್ಕೆ ಏರಿರಲಿಲ್ಲ. ಆದರೆ ಎರಡನೆಯ ಸುತ್ತಿನಲ್ಲಿ ಡಲ್ಲಾಸ್ ಎದುರು ಒಂದೇ ಪಾಯಿಂಟಿನಿಂದ ಪಂದ್ಯ ಕಳೆದುಕೊಂಡು ಹೊರಬಿತ್ತು. ಕೊನೆಯ ಗಳಿಗೆಯಲ್ಲಿ ತಪ್ಪು ಮಾಡಿ ಎದುರಾಳಿಗೆ ಫ್ರೀಥ್ರೋ ಕೊಟ್ಟವನು ಶೇಯೇ. ಆ ಸೋಲಿನ ಬೆಲೆಯನ್ನು ತೆತ್ತವನು ಮಾತ್ರ ಇನ್ನೊಬ್ಬ. ಆಸ್ಟ್ರೇಲಿಯದ ಜಾಶ್ ಗಿಡ್ಡಿ, ಹತ್ತೊಂಬತ್ತರ ಹರೆಯದಲ್ಲಿ ಆ ಕೆಟ್ಟ ವರ್ಷದಲ್ಲಿ ಆಡಿದವನು, ಈ ಆಟಕ್ಕೆ ಒಗ್ಗಲಿಲ್ಲವೆಂದು ಶಿಕಾಗೊಗೆ ಹೋದ. ಬದಲಿಗೆ ಅಲೆಕ್ಸ್ ಕರೂಸೊ ಬಂದ. ತಂಡ ಬಲವಾಯಿತೆಂಬುದರಲ್ಲಿ ಸಂದೇಹವಿಲ್ಲ. ಮೊಮ್ಮಗಳು ಗಿಡ್ಡಿಯ ಚಿತ್ರವನ್ನು ಗೋಡೆಯಿಂದ ತೆಗೆಯಲಿಲ್ಲ. ನಾನೂ ತೆಗೆಯೆನ್ನಲಿಲ್ಲ.

2024–25ರಲ್ಲಿ 68 ಗೆದ್ದು 14 ಮಾತ್ರ ಸೋತರು. ಫೈನಲ್ಲಿನಲ್ಲಿ ಎದುರಾದದ್ದು ಇಂಡಿಯಾನಾ. 2021ರ ಮೇ ತಿಂಗಳಲ್ಲಿ ಇದೇ ಇಂಡಿಯಾನಾ ಇವರ ಅಂಗಳಕ್ಕೇ ಬಂದು 57 ಪಾಯಿಂಟುಗಳಿಂದ ಸೋಲಿಸಿ ಹೋಗಿತ್ತು. ಮೊದಲ ಪಂದ್ಯದುದ್ದಕ್ಕೂ ಹಿಂದಿದ್ದ ಇಂಡಿಯಾನಾವನ್ನು ಟೈರೀಸ್ ಹ್ಯಾಲಿಬರ್ಟನ್ ಎಂಬ ತೆಳ್ಳನೆಯ ಯುವಕ ಗಡಿಯಾರದಲ್ಲಿ 0.3 ಸೆಕೆಂಡು ಉಳಿದಿರುವಾಗ ಒಂದು ಎಸೆತದಿಂದ ಗೆಲ್ಲಿಸಿಬಿಟ್ಟ. ಹೀಗೆ ಹಗ್ಗಜಗ್ಗಾಟವಾಗಿ ಸರಣಿ ಏಳನೆಯ ಪಂದ್ಯಕ್ಕೆ ಬಂತು. ಅದು ಜೂನ್ 22ರ ರಾತ್ರಿ; ನಮಗೆ ಮರುದಿನ ಬೆಳಗಿನ ಐದೂವರೆ. ಮೈಸೂರಿನಲ್ಲಿ ಜಡಿಮಳೆ. ನಾನು ಕಾಫಿ ಬೆರೆಸಿಕೊಂಡು ಕುಳಿತೆ. ನಾರ್ಮನ್ನಿನಿಂದ ಮೊಮ್ಮಗಳು ಫೋನು ಹಚ್ಚಿ ಪಕ್ಕದಲ್ಲಿಟ್ಟುಕೊಂಡಿದ್ದಳು. ಅವಳ ಮನೆಯ ಕೂಗು ನನಗೆ ಕೇಳಿಸುತ್ತಿತ್ತು.

103ಕ್ಕೆ 91. 1977ರ ಪೋರ್ಟ್‌ಲ್ಯಾಂಡಿನ ತರುವಾಯ ಅಷ್ಟು ಚಿಕ್ಕ ವಯಸ್ಸಿನ ತಂಡ ಕಿರೀಟ ಗೆದ್ದಿರಲಿಲ್ಲ. ಸಂಭ್ರಮಕ್ಕೆಂದು ಇಟ್ಟ ಷಾಂಪೇನ್ ಸೀಸೆಗಳ ಬಿರಡೆ ತೆಗೆಯಲು ಹುಡುಗರಿಗೆ ಬರಲಿಲ್ಲವಂತೆ. ಹಿಂದೆ ಬೇರೆ ತಂಡದಲ್ಲಿ ಗೆದ್ದಿದ್ದ ಕರೂಸೊ ಹೇಳಿಕೊಡಬೇಕಾಯಿತಂತೆ. ಆ ಜುಲೈಯಲ್ಲಿ ಶೇ, ಜೇಲನ್, ಚೆಟ್ ಮೂವರೂ ಹೊಸ ಒಪ್ಪಂದಗಳಿಗೆ ರುಜು ಹಾಕಿದರೆಂದು ಓದಿದಾಗ ನನಗೆ 2012ರ ಅಕ್ಟೋಬರು ನೆನಪಾಗದಿರಲಿಲ್ಲ. ಸಿಯಾಟಲ್ಲಿನ ಶಿಷ್ಯನಿಂದ ಒಂದೇ ಸಾಲು ಬಂದಿತ್ತು: ‘ನಿಮಗೋಸ್ಕರ ಸಂತೋಷ ಸಾರ್, ಅವರಿಗೋಸ್ಕರ ಅಲ್ಲ.’

ಆ ಬೆಳಗಿನ ಇನ್ನೊಂದು ಸಂಗತಿಯಿದೆ. ಮೊದಲ ಕಾಲುಭಾಗ ಮುಗಿಯುವ ಮೊದಲೇ, ಮೂರು ಬಾರಿ ದೂರದಿಂದ ಚೆಂಡನ್ನು ಬುಟ್ಟಿಗೆ ಹಾಕಿದ್ದ ಹ್ಯಾಲಿಬರ್ಟನ್, ಯಾರೂ ಮುಟ್ಟದೆಯೇ ನೆಲಕ್ಕೆ ಬಿದ್ದ. ಹಿಮ್ಮಡಿಯ ನರ ಹರಿದಿತ್ತು. ಅಂಗೈಯಿಂದ ನೆಲವನ್ನು ಬಡಿಯುತ್ತಿದ್ದ. ನಾರ್ಮನ್ನಿನ ಕೂಗು ಥಟ್ಟನೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಫೋನಿನಿಂದ ಅವಳ ದನಿ ಬಂತು: ‘ತಾತ, ಅವನಿಗಿನ್ನೂ ಇಪ್ಪತ್ತೈದು ಅಲ್ವಾ? ಮತ್ತೆ ಆಡ್ತಾನೆ ತಾನೆ?’ ಆಡುತ್ತಾನೆ ಎಂದೆ. ಮುಂದಿನ ಇಡೀ ವರ್ಷ ಅವನು ಆಡುವಂತಿಲ್ಲವೆಂದು ಜುಲೈಯಲ್ಲಿ ಪ್ರಕಟವಾಯಿತು. ಅದನ್ನು ನನಗೆ ಮೊದಲು ತಿಳಿಸಿದವಳೂ ಅವಳೇ.