ಏದುಸಿರು ಯಾರ ಲೆಕ್ಕಕ್ಕೆ?

(ಪಕ್ಷದ ತಾಲ್ಲೂಕು ಶಾಖೆ ಕರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಬಗರ್‌ಹುಕುಂ ಅರ್ಜಿಗಳ ಮೇಲೆ, ಅಡಿಕೆ ಧಾರಣೆಯ ಮೇಲೆ ಮಾತು ಬರುವುದೆಂದು ಕಾದು ಕುಳಿತವರು ಇಲ್ಲಿ ಬಹಳ ಮಂದಿ ಇದ್ದೀರಿ. ಆ ಮಾತು ಊಟದ ಮೇಲೆ ನಡೆಯಲಿ. ಬೆಳಗಿನ ಈ ಹೊತ್ತನ್ನು ನಾವು ಉಸಿರಿನ ವಿಷಯಕ್ಕಾಗಿ ಅಧ್ಯಕ್ಷರಲ್ಲಿ ಕೇಳಿ ಪಡೆದಿದ್ದೇವೆ. ನಾವು ವೈದ್ಯರಲ್ಲ. ಮೆಟ್ರಿಕ್ ಓದಿ, ಕೆಲವು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ಆದ್ದರಿಂದ ಈ ಮಾತಿನಲ್ಲಿ ವೈದ್ಯಕ್ಕಿಂತ ಲೆಕ್ಕವೇ ಹೆಚ್ಚಾಗಿದ್ದರೆ ಮನ್ನಿಸಬೇಕು.

ಈ ಹೋಬಳಿಯಲ್ಲಿ ನಮ್ಮ ಕೆಲಸ ಬಹುಕಾಲ ನಡೆದದ್ದು ಒಂದು ಮನೆಯ ಜಗುಲಿಯ ಮೇಲೆ. ಆ ಮನೆಯ ಹಿರಿಯರು 1951ರ ಕಾಗೋಡು ಸತ್ಯಾಗ್ರಹದಲ್ಲಿ ಸೆರೆಮನೆ ಕಂಡವರು. ಅವರ ಸೊಸೆಯನ್ನು ನಾವೆಲ್ಲರೂ ಅತ್ತಿಗೆಯೆಂದೇ ಕರೆಯುತ್ತೇವೆ. ಸಭೆಗೆ ಹತ್ತು ಜನ ಬರುವರೆಂದು ಹೇಳಿ ಕಳಿಸಿದರೆ ಇಪ್ಪತ್ತು ಜನ ಬರುತ್ತಿದ್ದರು. ಇಪ್ಪತ್ತು ಜನಕ್ಕೂ ಅನ್ನ, ಸಾರು, ಮಜ್ಜಿಗೆ ಸಿಗುತ್ತಿತ್ತು. ಮಲೆನಾಡಿನ ಮಳೆಗಾಲ ನಿಮಗೆ ಗೊತ್ತಿದೆ. ಅಟ್ಟಕ್ಕೆ ಹಾಕಿದ ಸೌದೆಯೂ ತೇವ ಹಿಡಿಯುತ್ತದೆ. ಒಲೆಯ ಹೊಗೆ ನಡುಮನೆ ದಾಟಿ ಜಗುಲಿಗೆ ಬಂದರೆ ನಾವು ಭೂಸುಧಾರಣೆಯ ಚರ್ಚೆಯನ್ನು ಅರ್ಧಕ್ಕೆ ಬಿಟ್ಟು, ಕಣ್ಣೊರೆಸಿಕೊಂಡು ಅಂಗಳಕ್ಕಿಳಿದು ನಿಲ್ಲುತ್ತಿದ್ದೆವು. ಅತ್ತಿಗೆ ಊದುಗೊಳವೆ ಹಿಡಿದು ಒಳಗೇ ಇರುತ್ತಿದ್ದರು. ಹೀಗೆ ಎಷ್ಟು ವರ್ಷ ನಡೆಯಿತೆಂದು ಈಗ ಎಣಿಸಿದರೆ ನಮಗೆ ನಾಚಿಕೆಯಾಗುತ್ತದೆ.

ಅವರಿಗೆ ನಲವತ್ತೈದು ತುಂಬುವ ಹೊತ್ತಿಗೆ ಏದುಸಿರು ಸುರುವಾಯಿತು. ಮೊದಲು ಬಾವಿಯಿಂದ ಕೊಡ ಎತ್ತಿದಾಗ. ಆಮೇಲೆ ಬರಿಗೈಯಲ್ಲಿ ದಿಬ್ಬ ಹತ್ತುವಾಗ. ಆಮೇಲೆ ಕೊಟ್ಟಿಗೆಗೆ ಹೋಗಿ ಬರುವಷ್ಟಕ್ಕೇ. ಕೇಳಿದರೆ "ಏನಿಲ್ಲ ಮೇಷ್ಟ್ರೇ, ವಯಸ್ಸಾಯ್ತಲ್ಲ" ಎನ್ನುತ್ತಿದ್ದರು. ನಲವತ್ತೈದಕ್ಕೆ ವಯಸ್ಸಾಯಿತೆಂಬ ಮಾತನ್ನು ಗಂಡಸೊಬ್ಬ ಆಡಿದ್ದರೆ ನಾವು ನಗುತ್ತಿದ್ದೆವು. ಅವರು ಆಡಿದಾಗ ಒಪ್ಪಿಕೊಂಡೆವು.

ಮುಂದೆ ಆರು ವರ್ಷ ಆ ಏದುಸಿರಿಗೆ ಕಾರಣ ಸಿಗಲಿಲ್ಲ. ಒಬ್ಬರು ಶೀತವೆಂದರು, ಒಬ್ಬರು ಉಬ್ಬಸವೆಂದರು. ಇನ್ನೊಂದೆಡೆ ಕಫದಲ್ಲಿ ಕ್ರಿಮಿ ಕಾಣಿಸದಿದ್ದರೂ ಆರು ತಿಂಗಳು ಕ್ಷಯದ ಗುಳಿಗೆ ನುಂಗಿಸಿದರು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಎರಡು ಸಲ ಕರೆದೊಯ್ದರು. ಒಂದು ವರ್ಷದ ಅಡಿಕೆಯ ದುಡ್ಡು ಅಲ್ಲಿ ಕರಗಿತು. ಹೃದಯದ ಪಟ ತೆಗೆದು ದೊಡ್ಡ ದೋಷವೇನಿಲ್ಲವೆಂದು ಕಳಿಸಿದರು. 2020ರ ಕೊರೋನಾ ಬಂದ ಮೇಲೆ ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಯಂತ್ರ ಊರೂರಿಗೆ ಬಂತಲ್ಲ, ಅದು ಅತ್ತಿಗೆಯವರಿಗೆ ತೊಂಬತ್ತೇಳು ತೋರಿಸಿತು. "ಆಮ್ಲಜನಕ ಸರಿಯಾಗಿದೆ, ಇವರಿಗೇನೂ ಆಗಿಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ" ಎಂಬ ತೀರ್ಪು ಹೊರಬಿತ್ತು. ಬೆರಳಿನಲ್ಲಿ ತೊಂಬತ್ತೇಳಿದ್ದರೂ ಎದೆಯಲ್ಲಿ ಉಸಿರು ಸಾಲದಿರಬಹುದು. ರಕ್ತದಲ್ಲಿ ಆಮ್ಲಜನಕ ಎಷ್ಟು ತುಂಬಿದೆಯೆಂಬುದನ್ನು ಆ ಯಂತ್ರ ಹೇಳುತ್ತದೆ. ಅದನ್ನು ತುಂಬಿಸಲು ಆ ಜೀವ ಎಷ್ಟು ಹೆಣಗಿತೆಂಬುದನ್ನು ಹೇಳುವುದಿಲ್ಲ. ಆದರೆ ಮನೆಯಲ್ಲಿ ಅತ್ತೆಗೂ ಮಗನಿಗೂ ಆ ತೀರ್ಪು ಸಾಕಾಯಿತು. ಅಂದಿನಿಂದ ಅತ್ತಿಗೆ ಏದುಸಿರನ್ನು ಮರೆಮಾಚತೊಡಗಿದರು.

ಕಾರಣ ಗೊತ್ತಿಲ್ಲದ ಏದುಸಿರಿನೊಡನೆ ಬಾಳುವುದೆಂದರೇನು ಎಂಬುದನ್ನು ನಾವು ಆ ಮನೆಯಲ್ಲಿ ಕಂಡೆವು. ಮಾತು ತುಂಡಾಗುತ್ತದೆ. ಒಂದು ವಾಕ್ಯ ಮುಗಿಸಲು ಎರಡು ಸಲ ನಿಲ್ಲಬೇಕು, ಆದ್ದರಿಂದ ವಾಕ್ಯವೇ ಗಿಡ್ಡವಾಗುತ್ತದೆ, ಆಮೇಲೆ "ಹೂಂ", "ಉಹೂಂ" ಅಷ್ಟೇ ಉಳಿಯುತ್ತದೆ. ಮದುವೆಮನೆಯಲ್ಲಿ ಸೋಬಾನೆ ಹಾಡುತ್ತಿದ್ದವರು ಮದುವೆಗೆ ಹೋಗುವುದನ್ನೇ ಬಿಟ್ಟರು. ಸ್ನಾನ ಒಂದು ಕೆಲಸವಾಗುತ್ತದೆ, ಸೀರೆ ಉಡುವುದು ಇನ್ನೊಂದು. ರಾತ್ರಿ ಎರಡು ದಿಂಬಿಗೆ ಒರಗಿ ಕುಳಿತೇ ನಿದ್ದೆ. ಇಷ್ಟರ ಮೇಲೆ ಜನ ಒಪ್ಪುವಂಥ ಹೆಸರೊಂದು ಇಲ್ಲದಿದ್ದರಿಂದ ಎಲ್ಲರ ಕಣ್ಣಿಗೂ ಸೋಮಾರಿ. ಕೈಮುರಿದವನಿಗೆ ಪಟ್ಟಿ ಇರುತ್ತದೆ, ಜನ ದಾರಿ ಬಿಡುತ್ತಾರೆ. ಉಸಿರಿಗೆ ಪಟ್ಟಿ ಕಟ್ಟುವುದೆಲ್ಲಿಗೆ?

ಕಡೆಗೆ ಕಾರಣದ ಬಾಲ ಸಿಕ್ಕಿದ್ದು ಹೀಗೆ. ತಾಲ್ಲೂಕಿನಲ್ಲಿ ಹೊಸದಾಗಿ ಬಂದಿದ್ದ ಒಬ್ಬ ಕಿರಿಯ ವೈದ್ಯೆ ಎದೆಯ ಪಟ ನೋಡುವ ಮೊದಲೇ ಒಂದು ಪ್ರಶ್ನೆ ಕೇಳಿದರು: "ಅಮ್ಮಾ, ಎಷ್ಟು ವರ್ಷದಿಂದ ಸೌದೆ ಒಲೆ ಊದ್ತಾ ಇದ್ದೀರಿ?" ಆರು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಇಟಲಿಯ ರಾಮಜ್ಜಿನಿ ಎಂಬ ವೈದ್ಯರು 1700ರಲ್ಲಿ ಕೆಲಸಗಾರರ ರೋಗಗಳ ಮೇಲೆ ಗ್ರಂಥ ಬರೆದಾಗ, ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳಿಗೆ "ನೀನು ಮಾಡುವ ಕೆಲಸವೇನು?" ಎಂಬುದನ್ನೂ ಸೇರಿಸಬೇಕೆಂದರು. ಮುನ್ನೂರು ವರ್ಷಗಳ ಮೇಲಾಯಿತು. ಅತ್ತಿಗೆಯವರ ಹಳೆಯ ಚೀಟಿಗಳನ್ನೆಲ್ಲ ನಾವು ತಿರುವಿ ನೋಡಿದೆವು. ಉದ್ಯೋಗ ಎಂಬಲ್ಲಿ ಎಲ್ಲದರಲ್ಲೂ ಒಂದು ಅಡ್ಡಗೀಟು.

ಆ ಅಡ್ಡಗೀಟಿನ ಲೆಕ್ಕ ಮಾಡೋಣ. ತಿಂಡಿ, ಎರಡು ಊಟ, ಬಚ್ಚಲೊಲೆಯ ನೀರು ಸೇರಿ ದಿನಕ್ಕೆ ನಾಲ್ಕು ಗಂಟೆ ಒಲೆಯ ಮುಂದೆ ಎಂದಿಟ್ಟುಕೊಳ್ಳಿ. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಹೊಗೆಯನ್ನು ಬಿಟ್ಟೇ ಬಿಡೋಣ. ರಜೆಯಿಲ್ಲದ 365 ದಿನ, ಮೂವತ್ತು ವರ್ಷ. 43,800 ಗಂಟೆ ಆಗುತ್ತದೆ. ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 300 ದಿನ ಗಣಿಗಿಳಿಯುವವನು ಇಷ್ಟು ಗಂಟೆ ಮುಟ್ಟಬೇಕಾದರೆ ಹದಿನೆಂಟು ವರ್ಷ ದಾಟಬೇಕು.

ಗಣಿಯ ಮಾತನ್ನು ಸುಮ್ಮನೆ ತೆಗೆಯಲಿಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲಿನ ಧೂಳು ಕುಡಿದವರ ಏದುಸಿರಿಗೂ ಒಂದು ಕಾಲದಲ್ಲಿ ಹೆಸರಿರಲಿಲ್ಲ. 1940ರಲ್ಲಿ ಮೈಸೂರು ಸಂಸ್ಥಾನ ಸಿಲಿಕೋಸಿಸ್ ನಿಯಮಗಳನ್ನು ಮಾಡಿತು. ಆ ದಶಕದಲ್ಲಿ ಏಳು ಸಾವಿರಕ್ಕೂ ಮೇಲ್ಪಟ್ಟು ಕೆಲಸಗಾರರನ್ನು ಪರೀಕ್ಷಿಸಿ ನೋಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯ ಪುಪ್ಪುಸದಲ್ಲಿ ಆ ರೋಗ ಸಿಕ್ಕಿತು. ಹೆಸರು ಬಂದ ಮೇಲೆ ಪರಿಹಾರ ಕೇಳಲು ದಾರಿಯಾಯಿತು. ಪರಿಹಾರ ಎಲ್ಲರ ಕೈ ಸೇರಿತೆಂದು ನಾವು ಹೇಳುತ್ತಿಲ್ಲ. ಆ ಗಣಿಗಳು 2001ರಲ್ಲಿ ಮುಚ್ಚಿದವು, ಜನರ ಎದೆಯೊಳಗಿನ ಧೂಳು ಮಾತ್ರ ಅವರೊಡನೆಯೇ ಮನೆಗೆ ಹೋಯಿತು. ಆದರೂ ಕಾಗದದ ಮೇಲೊಂದು ಹೆಸರಿತ್ತು. 1948ರ ಕಾರ್ಖಾನೆ ಕಾಯಿದೆಯಲ್ಲಿ, ವೈದ್ಯರು ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಇತ್ತು. 2020ರ ಕಾರ್ಮಿಕ ಸಂಹಿತೆಯ ಪಟ್ಟಿಗೂ ಅದು ಬಂದಿದೆ. ಅಡುಗೆಮನೆ ಕಾರ್ಖಾನೆಯಲ್ಲ. ಅಲ್ಲಿ ಮಾಲೀಕನಿಲ್ಲ, ಹಾಜರಿ ಪುಸ್ತಕವಿಲ್ಲ, ಕೂಲಿಯಿಲ್ಲ, ಸಂಘವಿಲ್ಲ. ಆದ್ದರಿಂದ ಅಲ್ಲಿ ಕೆಟ್ಟ ಎದೆ ಯಾವ ಪಟ್ಟಿಗೂ ಸೇರದು.

ವಿದ್ಯೆ ಇರಲಿಲ್ಲವೆಂದಲ್ಲ. ದೆಹಲಿಯ ಡಾ. ಪದ್ಮಾವತಿಯವರು, ನಮ್ಮ ದೇಶದ ಮೊದಲ ಮಹಿಳಾ ಹೃದ್ರೋಗ ತಜ್ಞೆ, ಡಾ. ಪಾಠಕರೊಡಗೂಡಿ 1959ರಲ್ಲೇ 127 ರೋಗಿಗಳ ವಿವರ ಪ್ರಕಟಿಸಿದರು. ಪುಪ್ಪುಸ ಕೆಟ್ಟು ಅದರಿಂದ ಹೃದಯ ಸೋಲುವ ಕಾಯಿಲೆ ಹೊಗೆಬತ್ತಿ ಮುಟ್ಟದ ಹೆಂಗಸರಿಗೂ ಬರುತ್ತಿರುವುದನ್ನು ಕಂಡು ಅವರು ಒಲೆಯ ಕಡೆ ಬೆರಳು ತೋರಿಸಿದರು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೂ ಬಂತು. ಕಡಿಮೆ ಸೌದೆ, ಹೊಗೆ ಹೋಗಲು ಕೊಳವೆ. ಒಳ್ಳೆಯ ಒಲೆಯೇ. ಕೊಳವೆಯಲ್ಲಿ ಮಸಿ ಕಟ್ಟಿದಾಗ ತೆಗೆಯುವವರಿಲ್ಲದೆ ಎಷ್ಟೋ ಮನೆಗಳಲ್ಲಿ ಒಡೆದು ಮತ್ತೆ ಮೂರು ಗುಂಡು ಹೂಡಿದರು. ಮಾಡಿನ ಮೇಲೆ ಹತ್ತಿ ಕೊಳವೆ ತೆಗೆಯುವುದು ಗಂಡಸಿನ ಕೆಲಸವಾಗಿತ್ತು, ಅವನಿಗೆ ಹೊಗೆ ತಾಗುತ್ತಿರಲಿಲ್ಲ. 2016ರಲ್ಲಿ ಉಜ್ವಲ ಯೋಜನೆ ಬಂತು. ಸಿಲಿಂಡರು ಬಂದ ಮನೆಗಳಲ್ಲಿ ಈಗ ಹೋಗಿ ನೋಡಿ: ಚಹಾ ಗ್ಯಾಸಿನ ಮೇಲೆ, ಅನ್ನ ಒಲೆಯ ಮೇಲೆ, ಸ್ನಾನದ ನೀರಂತೂ ಸೌದೆಯಲ್ಲೇ. ಎರಡನೆಯ ಸಿಲಿಂಡರಿಗೆ ದುಡ್ಡು ಕೊಡಬೇಕಾದವರು ಬೆಟ್ಟದ ಸೌದೆ ಪುಕ್ಕಟೆಯೆನ್ನುತ್ತಾರೆ. ಅದರ ಬೆಲೆ ಯಾರ ಎದೆಯಿಂದ ವಸೂಲಾಗುತ್ತದೆಂದು ಅವರಿಗೆ ಬಿಲ್ಲು ಬರುವುದಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇನ್ನು ಒಂದು ಮಾತು, ಪ್ರಾಮಾಣಿಕವಾಗಿ ಹೇಳಬೇಕಾದದ್ದು. ಎಲ್ಲ ಏದುಸಿರೂ ಹೊಗೆಯದಲ್ಲ. ಆ ವೈದ್ಯೆ ಅತ್ತಿಗೆಯವರನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಿ ಊದುವ ಯಂತ್ರದಲ್ಲಿ ಪರೀಕ್ಷೆ ಮಾಡಿಸಿದರು. ದೀರ್ಘ ಉಸಿರೆಳೆದು ಬಲವಾಗಿ ಊದಿದ ಗಾಳಿಯಲ್ಲಿ ನೂರಕ್ಕೆ ಎಪ್ಪತ್ತು ಪಾಲಾದರೂ ಮೊದಲ ಸೆಕೆಂಡಿನಲ್ಲೇ ಹೊರಬರಬೇಕು. ಶ್ವಾಸನಾಳ ಅಗಲಿಸುವ ಔಷಧ ಕೊಟ್ಟ ಮೇಲೂ ಬಾರದಿದ್ದರೆ ನಾಳ ಕಿರಿದಾಗಿದೆಯೆಂದು ಅರ್ಥ. ಇವರದು ಕಿರಿದಾಗಿತ್ತು, ಆದರೆ ಅಷ್ಟೊಂದು ಏದುಸಿರಿಗೆ ಸಾಲುವಷ್ಟಲ್ಲ. ರಕ್ತ ಪರೀಕ್ಷೆ ಮಾಡಿದರೆ ರಕ್ತವೂ ಕಡಿಮೆ. ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆಯಿದೆ. ಎಲ್ಲರೂ ಉಂಡ ಮೇಲೆ ಉಣ್ಣುವವರಿಗೆ ಇನ್ನೇನಾದೀತು? ಎರಡಕ್ಕೂ ಔಷಧ ನಡೆದಿದೆ. ಒಂದಷ್ಟು ಏದುಸಿರು ಇಂದಿಗೂ ಉಳಿದಿದೆ, ಅದರ ಕಾರಣ ಇಂದಿಗೂ ಸಿಕ್ಕಿಲ್ಲ. ವೈದ್ಯೆ ಅದನ್ನು ಬಾಯಿಬಿಟ್ಟು ಒಪ್ಪಿಕೊಂಡರು. "ಕಾರಣ ಪೂರ್ತಿ ಗೊತ್ತಾಗಿಲ್ಲ ಅಮ್ಮಾ, ಆದರೆ ನಿಮಗೆ ಉಸಿರು ಸಾಲುತ್ತಿಲ್ಲ ಅನ್ನೋದು ಖರೆ" ಎಂದರು. ಆ ದಿನ ಮನೆಗೆ ಬಂದು ಅತ್ತಿಗೆ ಅತ್ತರು. ನಾವು ದುಃಖಕ್ಕೆಂದುಕೊಂಡೆವು. ಹಾಗಲ್ಲವಂತೆ.

ಈಗ ಅವರು ಬಾಳುತ್ತಿರುವ ರೀತಿ ಹೇಳುತ್ತೇವೆ. ಇಲ್ಲಿ ಕುಳಿತ ಎಷ್ಟೋ ತಾಯಂದಿರಿಗೆ ಬೇಕಾದೀತು. ಏದುಸಿರು ಬಂದಾಗ ಮಲಗುವುದಿಲ್ಲ. ಕುಳಿತು ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಗೆ ಊರುತ್ತಾರೆ. ಬಿಸಿ ಗಂಜಿ ಆರಿಸುವಂತೆ ತುಟಿ ಕೂಡಿಸಿ, ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡುತ್ತಾರೆ. ಕೊಡ ಎತ್ತುವಾಗ ಉಸಿರು ಹಿಡಿಯದೆ ಬಿಡುತ್ತಾರೆ. ತರಕಾರಿ ಹೆಚ್ಚುವುದು, ಬಟ್ಟೆ ಮಡಿಸುವುದು ಎಲ್ಲ ಕುಳಿತೇ. ಎಳೆದುಕೊಳ್ಳುವ ಪಂಪು ಅಭ್ಯಾಸವಾಗಿ ಹೋಗುತ್ತದೆಂದು ನೆರೆಯವರು ಹೆದರಿಸಿದ್ದರು. ಅದು ಸುಳ್ಳು ಭಯ. ದಿನವೂ ಬೇಲಿಯ ಗುಂಟ ನಡೆಯುತ್ತಾರೆ, ಏದುಸಿರು ಬಂದರೆ ನಿಂತು ಮತ್ತೆ ನಡೆಯುತ್ತಾರೆ. ನಡೆಯದೆ ಕುಳಿತರೆ ಕಾಲು ಸೋತು ಏದುಸಿರು ಇನ್ನೂ ಬೇಗ ಬರುತ್ತದೆಯಂತೆ.

ಕಾಗೋಡಿನ ಜಗಳ ಹೊತ್ತಿದ್ದು ಗೇಣಿ ಅಳೆಯುವ ಕೊಳಗದಿಂದ. ಒಡೆಯರ ಕೊಳಗ ದೊಡ್ಡದೆಂದು ರೈತರು ಎದ್ದು ನಿಂತರು. ಉಸಿರಿಗೂ ಒಂದು ಕೊಳಗವಿದೆ. ಕಳೆದ ಶತಮಾನದ ನಡುವಿನಲ್ಲಿ ಬ್ರಿಟನ್ನಿನ ವೇಲ್ಸ್‌ನ ಕಲ್ಲಿದ್ದಲು ಗಣಿಗಾರರ ಎದೆಯನ್ನು ಪರೀಕ್ಷಿಸುತ್ತಿದ್ದ ಫ್ಲೆಚರ್ ಮೊದಲಾದ ವೈದ್ಯರು ಐದು ಮೆಟ್ಟಿಲಿನ ಪ್ರಶ್ನಾವಳಿ ಮಾಡಿದರು. ವೈದ್ಯರು ಇಂದಿಗೂ ಅದನ್ನೇ ಬಳಸುತ್ತಾರೆ. ಯಂತ್ರ ಬೇಡ, ಕಾಸು ಬೇಡ. ಬಲವಾದ ಕೆಲಸ ಮಾಡಿದಾಗ ಮಾತ್ರ ಏದುಸಿರೇ? ಅವಸರದಲ್ಲಿ ನಡೆದರೆ, ಸಣ್ಣ ದಿಬ್ಬ ಹತ್ತಿದರೆ ಬರುವುದೇ? ಸಮನೆಲದಲ್ಲಿ ಓರಗೆಯವರಿಗಿಂತ ಹಿಂದೆ ಬೀಳುವಿರಾ? ನೂರು ಗಜ ನಡೆದು ನಿಲ್ಲಬೇಕಾಗುವುದೇ? ಸೀರೆ ಉಡುವಾಗಲೇ ಏದುಸಿರು ಬಂದು ಮನೆಯಿಂದ ಹೊರಡಲಾರಿರಾ? ಅಷ್ಟೇ.

ಅತ್ತಿಗೆಯವರು ನಾಲ್ಕನೆಯ ಮೆಟ್ಟಿಲಲ್ಲಿದ್ದಾಗಲೂ ನಮ್ಮ ಸಭೆಗೆ ಅಡುಗೆ ಮಾಡಿದ್ದಾರೆಂಬುದು ನಮಗೆ ಈ ಪ್ರಶ್ನೆಗಳನ್ನು ಕೇಳಿದ ಮೇಲೆ ತಿಳಿಯಿತು.

ಶಾಖೆಯ ತೀರ್ಮಾನಗಳು ಇಷ್ಟು. ಪ್ರತಿ ಗ್ರಾಮಕ್ಕೂ ಇಬ್ಬರು ಕಾರ್ಯಕರ್ತೆಯರು ಈ ಐದು ಪ್ರಶ್ನೆ ಬರೆದ ಹಾಳೆ ಹಿಡಿದು ಮನೆಮನೆಗೆ ಹೋಗುವರು. ಮೂರನೆಯ ಮೆಟ್ಟಿಲು ಅಥವಾ ಅದಕ್ಕೂ ಮೇಲಿರುವವರ ಹೆಸರನ್ನು ಪಟ್ಟಿ ಮಾಡಿ ಆಸ್ಪತ್ರೆಗೆ ಕರೆದೊಯ್ಯುವರು. ಊದುವ ಯಂತ್ರ ಮತ್ತು ಅದನ್ನು ನಡೆಸಬಲ್ಲ ಒಬ್ಬರು ತಾಲ್ಲೂಕು ಆಸ್ಪತ್ರೆಯಲ್ಲೇ ಬೇಕೆಂದು ಮನವಿ ಸಲ್ಲಿಸುವುದು. ಚೀಟಿಯಲ್ಲಿ ಉದ್ಯೋಗದ ಜಾಗಕ್ಕೆ ಅಡ್ಡಗೀಟು ಹಾಕಿದರೆ ಹಿಂದಕ್ಕೆ ಕೊಟ್ಟು, "ಅಡುಗೆ, ಸೌದೆ ಒಲೆ, ಇಷ್ಟು ವರ್ಷ" ಎಂದು ಬರೆಸಿಕೊಳ್ಳುವುದು. ಇದನ್ನು ಇಂದಿನಿಂದಲೇ ಮಾಡಬಹುದು. ಹಾಳೆಗಳು ಕಾರ್ಯದರ್ಶಿಗಳ ಹತ್ತಿರ ಇವೆ.

ಪಕ್ಷದ ಸಭೆಗಳಿಗೆ ಇನ್ನು ಯಾವ ಮನೆಯ ಒಲೆಯನ್ನೂ ಹೂಡಿಸುವುದಿಲ್ಲ. ಇಂದಿನ ಊಟವನ್ನು ಹಿಂದಿನ ಚಪ್ಪರದಲ್ಲಿ ಗ್ಯಾಸಿನ ಮೇಲೆ ನಮ್ಮ ಗಂಡಸು ಕಾರ್ಯಕರ್ತರೇ ಬೇಯಿಸಿದ್ದಾರೆ. ಅನ್ನ ಸ್ವಲ್ಪ ಮುದ್ದೆಯಾಗಿದೆಯೆಂದು ಈಗ ಚೀಟಿ ಬಂದಿದೆ. ಅತ್ತಿಗೆ ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಮೊದಲ ಪಂಕ್ತಿಗೆ ಅವರೂ ಬರಬೇಕು.